‘ಬೆಲೆ ತಪ್ಪಾಗಿತ್ತು’ ಅಂತ ಆರ್ಡರ್ ರದ್ದು ಮಾಡಿದರೆ ನಷ್ಟ ಯಾರದ್ದು?

ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ನಮ್ಮ ತೊಗರಿ ಹೂವಿಗೆ ಬಂದಿತ್ತು. ಬೆಳಿಗ್ಗೆ ಹೊಲ ಸುತ್ತಿ ನೋಡಿದರೆ ಮೊಗ್ಗಿನ ಮೇಲೆ ಅಲ್ಲಲ್ಲಿ ಕಾಯಿಕೊರಕದ ಮೊಟ್ಟೆ. ಮನೆಯಲ್ಲಿದ್ದ ಹಳೇ ಪಂಪು ಅದೇ ವಾರ ಕೈಕೊಟ್ಟಿತ್ತು. ಫೋನ್ ತೆಗೆದು ಹುಡುಕಿದೆ. ಹಬ್ಬದ ಸೇಲ್‌ನಲ್ಲಿ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ 1,349 ರೂಪಾಯಿ ಅಂತ ತೋರಿಸ್ತು. ನಮ್ಮ ಊರ ಕಡೆ ಅಂಗಡಿಯಲ್ಲಿ ಅಂಥದ್ದೇ ಪಂಪಿಗೆ 3,200 ಹೇಳ್ತಿದ್ದರು. ಹಬ್ಬದ ಆಫರ್ ಇರಬೇಕು ಅಂದುಕೊಂಡು ಆರ್ಡರ್ ಹಾಕಿದೆ. ಯುಪಿಐನಲ್ಲಿ ದುಡ್ಡು ಹೋಯ್ತು. ‘ಆರ್ಡರ್ ಖಚಿತವಾಗಿದೆ, ನಾಲ್ಕು ದಿನದಲ್ಲಿ ತಲುಪುತ್ತದೆ’ ಅಂತ ಮೆಸೇಜೂ ಬಂತು.

ನಾಲ್ಕನೇ ದಿನ ಪಂಪು ಬರಲಿಲ್ಲ. ಐದನೇ ದಿನವೂ ಇಲ್ಲ. ಆರನೇ ದಿನ ಬಂದದ್ದು ಇನ್ನೊಂದು ಮೆಸೇಜು: ಬೆಲೆ ತಪ್ಪಾಗಿ ನಮೂದಾಗಿತ್ತು, ಆದ್ದರಿಂದ ಆರ್ಡರ್ ರದ್ದಾಗಿದೆ, ಹಣ ಐದರಿಂದ ಏಳು ಕೆಲಸದ ದಿನಗಳಲ್ಲಿ ವಾಪಸ್. ಅದೇ ಸಂಜೆ ಅದೇ ಪಂಪು, ಅದೇ ಫೋಟೋ, 3,399ಕ್ಕೆ ಮತ್ತೆ ಮಾರಾಟಕ್ಕಿತ್ತು.

ಮರುದಿನ ಪೇಟೆಗೆ ಹೋಗಿ 3,200 ಕೊಟ್ಟು ಪಂಪು ತಂದೆ. ಆದರೆ ಅಷ್ಟರಲ್ಲಿ ಮೊಟ್ಟೆ ಒಡೆದು ಮರಿಹುಳು ಮೊಗ್ಗು, ಎಳೆಕಾಯಿಗೆ ಇಳಿದಿದ್ದವು. ಹುಳು ಕಾಯೊಳಗೆ ಸೇರಿಕೊಂಡ ಮೇಲೆ ಹೊಡೆಯೋ ಎಣ್ಣೆ ಎಷ್ಟು ಕೆಲಸ ಮಾಡುತ್ತೆ ಅನ್ನೋದು ತೊಗರಿ ಬೆಳೆದವರಿಗೆಲ್ಲ ಗೊತ್ತು.

ಕಂಪನಿ ನನ್ನ 1,349 ರೂಪಾಯಿ ಪೂರ್ತಿ ವಾಪಸ್ ಹಾಕಿತು. ಅವರ ಲೆಕ್ಕದಲ್ಲಿ ನನಗೆ ಒಂದು ಪೈಸೆ ನಷ್ಟ ಇಲ್ಲ. ಹೊಲದ ಲೆಕ್ಕದಲ್ಲಿ ಏಳು ದಿನ ಹೋಯ್ತು. ಆ ಏಳು ದಿನಕ್ಕೆ ರಿಫಂಡ್ ಇಲ್ಲ. ಈ ವಾರ ನಾನು ಬರೆಯಬೇಕು ಅಂದುಕೊಂಡಿದ್ದು ಇದನ್ನೇ.

ತಪ್ಪು ಯಾರಿಂದಲೂ ಆಗುತ್ತೆ

ಮೊದಲು ಮಾರುವವರ ಕಡೆಯಿಂದ ನೋಡೋಣ. ಈಗ ನಮ್ಮಲ್ಲೇ ಎಷ್ಟೋ ಜನ ಯುವಕರು ಮಾವು, ಬೆಲ್ಲ, ಜೇನುತುಪ್ಪ, ಗಾಣದ ಎಣ್ಣೆಯನ್ನ ಆನ್‌ಲೈನ್‌ನಲ್ಲಿ ಮಾರ್ತಿದ್ದೀರಿ. 900 ರೂಪಾಯಿಯ ಮಾವಿನ ಬಾಕ್ಸಿಗೆ ರಾತ್ರಿ ನಿದ್ದೆಗಣ್ಣಲ್ಲಿ 90 ಅಂತ ಒತ್ತಿಬಿಟ್ಟಿರಿ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ನೋಡಿದರೆ ಇನ್ನೂರು ಆರ್ಡರ್. ಎಲ್ಲ ಕಳಿಸಲೇಬೇಕು ಅಂದರೆ ಆ ವರ್ಷದ ತೋಟ ಅಲ್ಲಿಗೇ ಮುಗೀತು. ಅದು ನ್ಯಾಯ ಅಂತ ನಾನು ಹೇಳಲ್ಲ.

ಕೋರ್ಟುಗಳೂ ಹಾಗೆ ಹೇಳಿಲ್ಲ. 2003ರಲ್ಲಿ ಸಿಂಗಾಪುರದಲ್ಲಿ ಒಂದು ವೆಬ್‌ಸೈಟ್ 3,854 ಡಾಲರಿನ ಲೇಸರ್ ಪ್ರಿಂಟರ್‌ಗೆ ತಪ್ಪಿ 66 ಡಾಲರ್ ಅಂತ ಹಾಕಿತು. ಆರು ಜನ ಸೇರಿ ಒಟ್ಟು 1,606 ಪ್ರಿಂಟರ್ ಆರ್ಡರ್ ಮಾಡಿದರು. ಕಂಪನಿ ಕೊಡಲ್ಲ ಅಂತು, ಅವರು ಕೋರ್ಟಿಗೆ ಹೋದರು. ಬೆಲೆ ತಪ್ಪಾಗಿದೆ ಅಂತ ಗೊತ್ತಿದ್ದೂ ಲಾಭ ಹೊಡೆಯೋಕೆ ಹೋದವರಿಗೆ ಕಾನೂನು ನೆರವಾಗಲ್ಲ ಅಂತ ಕೋರ್ಟ್ ಹೇಳಿತು. 2005ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು.

ಹಾಗಾಗಿ ಒಂದು ಲಕ್ಷದ ಪವರ್ ಟಿಲ್ಲರ್ 1,000 ರೂಪಾಯಿಗೆ ಕಂಡರೆ ಹತ್ತು ಆರ್ಡರ್ ಹಾಕಿ ಕೂರಬೇಡಿ. ಒಂದೋ ಅದು ಟೈಪಿಂಗ್ ತಪ್ಪು, ಇಲ್ಲ ದುಡ್ಡು ಹೊಡೆಯೋ ನಕಲಿ ಸೈಟು. ಎರಡರಲ್ಲೂ ನಿಮಗೆ ಟಿಲ್ಲರ್ ಬರಲ್ಲ.

ಆದರೆ ನನ್ನ ಪಂಪಿನ ಕಥೆ ಬೇರೆ

ಹಬ್ಬದ ಸೇಲ್ ಅಂದರೆ ಶೇ. 60 ಕಡಿತ, ಶೇ. 70 ಕಡಿತ ಅಂತ ದಿನಾ ಜಾಹೀರಾತು ಹಾಕೋದು ಇವರೇ. ಅಂಥ ದಿನದಲ್ಲಿ 3,399ರ ಪಂಪು 1,349ಕ್ಕೆ ಕಂಡರೆ ಅದು ಆಫರೋ ತಪ್ಪೋ ಅಂತ ಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು? ಆಫರ್ ನಂಬಿ ಬನ್ನಿ ಅಂತ ಕರೆಯೋದು, ಬಂದ ಮೇಲೆ ‘ನಂಬಿದ್ದು ನಿಮ್ಮ ತಪ್ಪು’ ಅನ್ನೋದು, ಇವೆರಡೂ ಒಟ್ಟಿಗೆ ಆಗಲ್ಲ.

ದನದ ಜಾತ್ರೆ ನೋಡಿದವರಿಗೆ ಗೊತ್ತು. ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡ್ತಾರೆ, ಒಪ್ಪಿದರೆ ಸಂಚಕಾರ ಕೊಡ್ತಾರೆ. ಆಮೇಲೆ ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಹೋಯ್ತು. ಮಾರುವವನು ಹಿಂದೆ ಸರಿದರೆ ಆ ಜಾತ್ರೆಯಲ್ಲಿ ಅವನ ಮಾತಿಗಿದ್ದ ಬೆಲೆ ಹೋಯ್ತು. ಇಬ್ಬರಿಗೂ ಕಳೆದುಕೊಳ್ಳೋಕೆ ಏನೋ ಒಂದಿತ್ತು. ಆನ್‌ಲೈನ್‌ನಲ್ಲಿ ನಾವು ಸಂಚಕಾರ ಅಲ್ಲ, ಪೂರ್ತಿ ದುಡ್ಡೇ ಮುಂಚೆ ಕೊಡ್ತೀವಿ. ಅವರು ಹಿಂದೆ ಸರಿದರೆ ಕಳೆದುಕೊಳ್ಳೋದು ಏನೂ ಇಲ್ಲ. ನನ್ನ ತಕರಾರು ಇಲ್ಲಿದೆ.

ಬೆಲೆ ತಪ್ಪಾಗಿದ್ದು ಕ್ಷಮಿಸಬಹುದು. ಆ ತಪ್ಪನ್ನ ಆರು ದಿನ ನನ್ನ ದುಡ್ಡು ಇಟ್ಟುಕೊಂಡು ಆಮೇಲೆ ಹೇಳಿದ್ದನ್ನ ಕ್ಷಮಿಸೋಕೆ ಆಗಲ್ಲ. ಪಟ್ಟಣದಲ್ಲಿ ಶೂ ಆರ್ಡರ್ ಮಾಡಿದವನಿಗೆ ಒಂದು ವಾರ ತಡವಾದರೆ ಹಳೇ ಶೂ ಹಾಕ್ಕೊಂಡು ಓಡಾಡ್ತಾನೆ. ಬಿತ್ತನೆ ಬೀಜ, ಡ್ರಿಪ್ ಪೈಪು, ಸ್ಪ್ರೇಯರ್, ಸುಗ್ಗಿಗೆ ಬೇಕಾದ ತಾಡಪತ್ರಿ ಹಾಗಲ್ಲ. ರಾಶಿ ಮಾಡಿದ ಮೇಲೆ ಮಳೆ ಬಂದರೆ, ಬರಬೇಕಾಗಿದ್ದ ತಾಡಪತ್ರಿ ಮೂರು ದಿನ ಬಿಟ್ಟು ಬಂದು ಪ್ರಯೋಜನ ಏನು?

ಕಾನೂನು ಏನು ಹೇಳುತ್ತೆ?

ನಮ್ಮ ದೇಶದಲ್ಲೂ ಇಂಥದ್ದೊಂದು ಕೇಸ್ ಆಗಿದೆ. 2014ರಲ್ಲಿ ಒಡಿಶಾದ ಒಬ್ಬ ಕಾನೂನು ವಿದ್ಯಾರ್ಥಿ ಅಮೆಜಾನ್‌ನಲ್ಲಿ 23,499 ರೂಪಾಯಿಯ ಲ್ಯಾಪ್‌ಟಾಪ್ 190ಕ್ಕೆ ಕಂಡು ಆರ್ಡರ್ ಮಾಡಿದರು. ಖಚಿತ ಅಂತ ಮೆಸೇಜ್ ಬಂದ ಮೇಲೆ ಬೆಲೆಯ ಸಮಸ್ಯೆ ಅಂತ ರದ್ದಾಯಿತು. ಪ್ರಾಜೆಕ್ಟ್ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕಿತ್ತು, ತೊಂದರೆ ಆಯ್ತು ಅಂತ ಅವರು ಗ್ರಾಹಕ ವೇದಿಕೆಗೆ ಹೋದರು. ವರ್ಷಗಳೇ ಹಿಡಿದವು. ಕೊನೆಗೆ ರಾಜ್ಯ ಆಯೋಗ ಒಟ್ಟು 45,000 ರೂಪಾಯಿ ಕೊಡಿ ಅಂತ ಆದೇಶಿಸಿತು. ಸಿಂಗಾಪುರದವರು 1,606 ಕೇಳಿದರು, ಇವರು ತಮಗೆ ಬೇಕಾದ ಒಂದನ್ನ ಕೇಳಿದರು. ಆ ವ್ಯತ್ಯಾಸ ಗಮನಿಸಿ.

ಭಾರತೀಯ ಕರಾರು ಕಾಯಿದೆ 1872ರ 22ನೇ ಕಲಮಿನ ಪ್ರಕಾರ, ಒಬ್ಬರ ಕಡೆಯಿಂದ ಮಾತ್ರ ತಪ್ಪು ಗ್ರಹಿಕೆ ಆಗಿತ್ತು ಅನ್ನೋ ಒಂದೇ ಕಾರಣಕ್ಕೆ ಕರಾರು ಮುರಿಯೋಕೆ ಬರಲ್ಲ. ಆದರೆ ಬಹಳಷ್ಟು ಕಂಪನಿಗಳು ತಮ್ಮ ಷರತ್ತಿನಲ್ಲಿ ‘ವಸ್ತು ಕಳಿಸಿದಾಗಲೇ ಕರಾರು ಆಗೋದು’ ಅಂತ ಮೊದಲೇ ಬರೆದುಕೊಂಡಿರ್ತವೆ. ಹಾಗಾಗಿ ಅದೇ ಬೆಲೆಗೆ ವಸ್ತು ಸಿಕ್ಕೇ ಸಿಗುತ್ತೆ ಅಂತ ಯಾರೂ ಭರವಸೆ ಕೊಡೋಕೆ ಆಗಲ್ಲ. ಆದರೆ ಸೇವೆಯಲ್ಲಿ ಲೋಪ, ಅನುಚಿತ ವ್ಯಾಪಾರ ಅಂತ ಪರಿಹಾರ ಕೇಳೋ ದಾರಿ ತೆರೆದೇ ಇದೆ.

2020ರ ಇ-ಕಾಮರ್ಸ್ ನಿಯಮಗಳಲ್ಲಿ ನಮಗೆ ಬೇಕಾದ ಎರಡು ಮಾತಿವೆ. ಒಂದು, ಪ್ರತಿ ಕಂಪನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಎರಡು, ಕಂಪನಿ ತಾನೇ ಆರ್ಡರ್ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ತಾನೂ ಭರಿಸದಿದ್ದರೆ, ಗ್ರಾಹಕ ರದ್ದು ಮಾಡಿದಾಗ ಶುಲ್ಕ ಹಾಕೋ ಹಾಗಿಲ್ಲ.

‘ನೀವು ವ್ಯವಸಾಯಕ್ಕೆ ಕೊಂಡಿದ್ದು, ಗ್ರಾಹಕ ಅಲ್ಲ’ ಅಂತ ಯಾರಾದರೂ ಅಂದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಕೊಂಡ ವಸ್ತುವನ್ನ ಗ್ರಾಹಕ ಕಾಯಿದೆ ವಾಣಿಜ್ಯ ಉದ್ದೇಶ ಅಂತ ನೋಡಲ್ಲ. ಬೀಜ ಕೊಂಡ ರೈತರೂ ಗ್ರಾಹಕರೇ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ.

ನಾನು ಕೇಳೋದು ಇಷ್ಟೇ

ಬೆಲೆ ತಪ್ಪಾಗಿದ್ದರೆ 24 ಗಂಟೆಯೊಳಗೆ ಹೇಳಲಿ. ಅಷ್ಟೊತ್ತಿಗೆ ನಾವು ಪೇಟೆಗೆ ಹೋಗಿ ಬೇರೆ ತರಬಹುದು. ದುಡ್ಡು ಹೋಗೋಕೆ ಎರಡು ಸೆಕೆಂಡ್ ಸಾಕಾದರೆ ವಾಪಸ್ ಬರೋಕೆ ಏಳು ದಿನ ಯಾಕೆ? ಅದೂ ಬೇಗ ಬರಲಿ. ದಿನಗಟ್ಟಲೆ ಕಾಯಿಸಿ ರದ್ದು ಮಾಡಿದರೆ ಸ್ವಲ್ಪವಾದರೂ ದಂಡ ಕಟ್ಟಲಿ. ದಂಡ ಬೀಳುತ್ತೆ ಅಂತಾದರೆ ತಪ್ಪು ಮೊದಲ ದಿನವೇ ಕಣ್ಣಿಗೆ ಬೀಳುತ್ತೆ. ಇದನ್ನ ಸರ್ಕಾರ ನಿಯಮದಲ್ಲಿ ಸೇರಿಸಬೇಕು, ರೈತ ಸಂಘಟನೆಗಳೂ ಕೇಳಬೇಕು. ಬೆಂಬಲ ಬೆಲೆಗೆ ಧ್ವನಿ ಎತ್ತೋ ನಾವು, ಒಳಸುರಿಯ ಬೆಲೆಗೂ ಎತ್ತಬೇಕು.

ಅಲ್ಲಿವರೆಗೆ ನಮ್ಮ ಕೈಯಲ್ಲಿರೋದು

ಹಂಗಾಮಿಗೆ ಬೇಕಾದ್ದನ್ನ ಹಂಗಾಮಿಗೆ ಒಂದು ತಿಂಗಳು ಮುಂಚೆ ಕೊಳ್ಳಿ. ಆಫರ್‌ಗೆ ಕಾಯಬೇಕಾದರೆ ಬೆಳೆಯಿಲ್ಲದ ದಿನ ಕಾಯಿರಿ. ನಾಳೆಯೇ ಬೇಕು ಅಂದರೆ ನೂರಿನ್ನೂರು ಜಾಸ್ತಿಯಾದರೂ ಊರಿನ ಅಂಗಡಿಯೇ ವಾಸಿ.

ಆರ್ಡರ್ ಹಾಕುವಾಗಲೇ ಬೆಲೆ, ಮಾರುವವರ ಹೆಸರು, ಖಚಿತ ಅಂತ ಬಂದ ಮೆಸೇಜು, ಮೂರರದ್ದೂ ಸ್ಕ್ರೀನ್‌ಶಾಟ್ ತೆಗೆದಿಡಿ. ರದ್ದಾದ ಮೇಲೆ ಅದೇ ವಸ್ತು ಜಾಸ್ತಿ ಬೆಲೆಗೆ ಕಂಡರೆ ಅದನ್ನೂ ತೆಗೆಯಿರಿ. ನಾನು ಇದ್ಯಾವುದನ್ನೂ ಮಾಡಿರಲಿಲ್ಲ, ಅದಕ್ಕೇ ಸುಮ್ಮನಾಗಬೇಕಾಯ್ತು.

ದೂರನ್ನ ಆ್ಯಪ್‌ನಲ್ಲೇ ಬರವಣಿಗೆಯಲ್ಲಿ ಕೊಡಿ. ಕಸ್ಟಮರ್ ಕೇರ್ ನಂಬರನ್ನ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳು ಕಾದು ಕೂತಿರ್ತವೆ. ದುಡ್ಡು ವಾಪಸ್ ಬರೋಕೆ ಯುಪಿಐ ಪಿನ್ ಆಗಲಿ ಓಟಿಪಿ ಆಗಲಿ ಬೇಕಾಗಲ್ಲ. ಕೇಳಿದವನು ಕಳ್ಳ ಅಂತಲೇ ತಿಳೀರಿ.

ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಿದರೆ ಸಾಕು. ಕಂಪನಿ ಬೆಂಗಳೂರಲ್ಲಿರಲಿ ದಿಲ್ಲಿಯಲ್ಲಿರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕೋ ಹಕ್ಕು ನಿಮಗಿದೆ.

‘ಸಾವಿರ ರೂಪಾಯಿ ಮಾತಿಗೆ ಯಾರು ಓಡಾಡ್ತಾರೆ ಬಿಡು’ ಅಂತ ನಮ್ಮಪ್ಪ ಅವತ್ತು ಅಂದಿದ್ದರು. ನಾನೂ ಬಿಟ್ಟೆ. ನಮ್ಮ ಹಾಗೆ ಎಲ್ಲರೂ ಬಿಡ್ತಾರೆ ಅನ್ನೋ ಧೈರ್ಯದ ಮೇಲೇ ಇದು ನಡೀತಿದೆ. ಮುಂದಿನ ಸಲ ನಾನು ಬಿಡಲ್ಲ. ನೀವೂ ಬಿಡಬೇಡಿ.