ನೋಯುವುದಿಲ್ಲವಲ್ಲ ಎಂಬ ನೆಪ

"ನೋಯ್ಲತದೇನು?"

"ಇಲ್ಲ."

"ಮತ್ತ ಸುಮ್ಕಿರು."

ನಮ್ಮ ಬೀದರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ದವಡೆ ಒಂದು ಬದಿಗೆ ಉಬ್ಬಿದರೆ ನಡೆಯುವ ತಪಾಸಣೆ ಇಷ್ಟೇ. ಕಾಲಿಗೆ ಮೊಳೆ ಚುಚ್ಚಿದರೆ ಅದೇ ಸಂಜೆ ಇಂಜೆಕ್ಷನ್ ಮಾಡಿಸುವವರು ದವಡೆಯ ಗಂಟಿಗೆ ವರ್ಷಗಟ್ಟಲೆ ಪುರಸೊತ್ತು ಕೊಡುತ್ತಾರೆ. ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆ. ದವಡೆಯ ಸಾದಾ ಗಡ್ಡೆಗಳು, ಅಂದರೆ ಕ್ಯಾನ್ಸರ್ ಅಲ್ಲದವು, ಬಹುಮಟ್ಟಿಗೆ ನೋಯುವುದೇ ಇಲ್ಲ. ಸದ್ದಿಲ್ಲದೆ ಬೆಳೆಯುವುದೇ ಅವುಗಳ ಗುಣ.

ನಾನು ಡಾಕ್ಟರಳಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಸಮಾಜ ವಿಜ್ಞಾನ ಕಲಿಸುವವಳು; ಮನೆ ಮೈಲೂರಿನಲ್ಲಿ. ಆದರೆ ದಿನಾ ಐವತ್ತು ಮುಖಗಳನ್ನು ಎದುರಿಗೆ ನಿಂತು ನೋಡುವ ಕೆಲಸ ತಾಯಂದಿರಿಗೂ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಯಾವಾಗಲೂ ಎಡಗಲ್ಲವನ್ನು ಗೋಡೆಯ ಕಡೆ ಮಾಡಿಯೇ ಕೂಡುತ್ತಿದ್ದಳು. ವಿಚಾರಿಸಿದರೆ, ಮನೆಯಲ್ಲಿ ಎಲ್ಲ ಉಪಚಾರವೂ ಆಗಿತ್ತು. ಆಯಿ ಅರಿಶಿನದ ಪಟ್ಟು ಹಾಕಿದ್ದಳು, ದೃಷ್ಟಿ ತೆಗೆದಿದ್ದಳು. ಹಲ್ಲು ಅಲುಗಾಡತೊಡಗಿದ ಮೇಲೆ ಯಾವುದೋ ಒಂದು ಹಲ್ಲಿನ ದವಾಖಾನೆಯಲ್ಲಿ ದವಡೆಹಲ್ಲು ಕಿತ್ತರು, ಎರಡು ತಿಂಗಳಿಗೆ ಅದರ ಪಕ್ಕದ್ದನ್ನೂ ಕಿತ್ತರು. ಎರಡು ಸಲವೂ ಎಕ್ಸ್-ರೇ ತೆಗೆಯಲಿಲ್ಲ. ಹದಿನಾಲ್ಕು ವರ್ಷದವಳ ಹುಳುಕಿಲ್ಲದ ಹಲ್ಲು ತಾನಾಗಿ ಯಾಕೆ ಅಲುಗಾಡೀತು ಎಂದು ಒಂದು ಗಳಿಗೆ ಯೋಚಿಸದೆ ಇಕ್ಕಳ ಹಿಡಿದವರಿಗೆ ಏನನ್ನಬೇಕು? ಎಲುಬಿನೊಳಗೆ ಬೆಳೆಯುವ ಗಡ್ಡೆ ಹಲ್ಲಿನ ಬೇರನ್ನು ದೂಡುತ್ತದೆ, ಸವೆಸುತ್ತದೆ. ಹಲ್ಲು ದೂರು ಹೇಳುತ್ತಿತ್ತು. ದೂರು ಹೇಳಿದವನನ್ನೇ ತರಗತಿಯಿಂದ ಹೊರಗೆ ಹಾಕಿದಂತಾಯಿತು.

2014ರಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹದಿನೇಳರ ಹುಡುಗನೊಬ್ಬನನ್ನು ಮುಂಬೈಯ ಜೆ.ಜೆ. ಆಸ್ಪತ್ರೆಗೆ ತಂದಾಗ ಅವನ ದವಡೆ ಊದಿ ಒಂದೂವರೆ ವರ್ಷವಾಗಿತ್ತು. ಊರ ಕಡೆಯ ವೈದ್ಯರಿಗೆ ಅದೇನೆಂದು ತಿಳಿದಿರಲಿಲ್ಲ. ಏಳು ತಾಸಿನ ಆಪರೇಷನ್ ಮಾಡಿ ಹಲ್ಲಿನಂಥ 232 ತುಣುಕು ತೆಗೆದರು. 2019ರಲ್ಲಿ ಚೆನ್ನೈಯಲ್ಲಿ ಏಳು ವರ್ಷದ ಬಾಲಕನ ದವಡೆಯಿಂದ 526 ತೆಗೆದರು. ಅವನಿಗೆ ಊತ ಕಂಡದ್ದು ಮೂರನೆಯ ವರ್ಷದಲ್ಲಿ! ಪೇಪರಿನವರು ಇವನ್ನೆಲ್ಲ ಸೋಜಿಗವೆಂದು ಬರೆದರು. ಇದಕ್ಕೆ ಓಡೊಂಟೋಮಾ ಎನ್ನುತ್ತಾರೆ. ತೆಗೆದರೆ ಮುಗಿಯಿತು, ಮತ್ತೆ ಬರುವುದು ಅಪರೂಪ.

ಎಲ್ಲ ಗಡ್ಡೆಗಳೂ ಇಷ್ಟು ಒಳ್ಳೆಯವಲ್ಲ. ನಮ್ಮ ಹುಡುಗಿಗೆ ಇದ್ದದ್ದು ಅಮೆಲೊಬ್ಲಾಸ್ಟೋಮಾ, ಹಲ್ಲಿನ ಎನಾಮೆಲ್ ಕಟ್ಟುವ ಜೀವಕೋಶಗಳ ಬಳಗದ್ದು. ಹೆಚ್ಚಾಗಿ ಕೆಳದವಡೆಯ ಹಿಂಬದಿಗೆ ಬರುತ್ತದೆ. ಕ್ಯಾನ್ಸರ್ ಅಲ್ಲ ಖರೆ. ಆದರೆ ಎಲುಬನ್ನು ಒಳಗಿಂದ ತಿನ್ನುತ್ತದೆ. ಬರೀ ಕೆರೆದು ತೆಗೆದರೆ ಮತ್ತೆ ಬರುವ ಸಂಭವ ಬಹಳ. ಅದಕ್ಕೇ ಗಡ್ಡೆ ದೊಡ್ಡದಾಗಿದ್ದರೆ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ಕತ್ತರಿಸಬೇಕಾಗುತ್ತದೆ. ಹೈದರಾಬಾದಿನಲ್ಲಿ ಅವಳ ದವಡೆಯ ಅಷ್ಟು ಭಾಗ ತೆಗೆದು, ಮೊಣಕಾಲಿನ ಕೆಳಗಿನ ತೆಳು ಎಲುಬನ್ನು ತಂದು ಜೋಡಿಸಿದರು. ಈಗ ನೆಟ್ಟಗೆ ನಡೆಯುತ್ತಾಳೆ, ರೊಟ್ಟಿ ತಿನ್ನುತ್ತಾಳೆ.

ಯಾವ ಗಡ್ಡೆ ಯಾವುದೆಂದು ಕೈಯಿಂದ ಮುಟ್ಟಿ ಹೇಳಲಾಗದು. ಇಡೀ ದವಡೆಯ ಎಕ್ಸ್-ರೇ ಬೇಕು, ಬೇಕಿದ್ದರೆ ಸಿ.ಟಿ. ಸ್ಕ್ಯಾನ್ ಬೇಕು. ಕೊನೆಗೆ ಒಂದು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕೆರಾಟೊಸಿಸ್ಟ್ ಎಂಬುದೊಂದಿದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಗಡ್ಡೆಯೆಂದು ಪಟ್ಟಿ ಮಾಡಿ, 2017ರಲ್ಲಿ ಮತ್ತೆ ನೀರುಗುಳ್ಳೆಯ ಜಾತಿಗೆ ಸೇರಿಸಿತು. ಜಗತ್ತಿನ ತಜ್ಞರೇ ಹೀಗೆ ತಿದ್ದಿಕೊಳ್ಳುವಾಗ ನಮ್ಮ ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು "ಏನಿಲ್ಲ, ವಾಯು ಅದ" ಎಂದು ತೀರ್ಮಾನ ಕೊಡುತ್ತಾರೆ! ತುಣುಕು ತೆಗೆದರೆ ಮೈತುಂಬ ಹರಡುತ್ತದೆ ಎಂಬ ಹೆದರಿಕೆ ಬೇರೆ. ಇನ್ನು ಕೆಲವರು ಹುಡುಗಿಯನ್ನೇ ಗದರುತ್ತಾರೆ, ಕದ್ದು ಮಿಶ್ರಿ ಹಚ್ಚಿರಬೇಕೆಂದು. ಮಿಶ್ರಿ ಕೆಟ್ಟದ್ದೇ, ಬಾಯಿಯ ಕ್ಯಾನ್ಸರಿಗೆ ದಾರಿ. ಆದರೆ ಈ ಗಡ್ಡೆಗಳಿಗೂ ತಂಬಾಕಿಗೂ ಸಂಬಂಧವಿಲ್ಲ.

ಎಲ್ಲಿಗೆ ಹೋಗಬೇಕೆಂದು ಕೇಳುವ ಕಾಲ ಇದಲ್ಲ. ನೌಬಾದಿನಲ್ಲಿ ಹಲ್ಲಿನ ಕಾಲೇಜಿದೆ, ಮೈಲೂರಿನಿಂದ ಆಟೋದಲ್ಲಿ ಹೋಗಿಬರಬಹುದು. ಊರಲ್ಲೇ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ. ಕಲಬುರಗಿಗೆ 2017ರಿಂದ ರೈಲೂ ಆಗಿದೆ. ಒಂದು ಎಕ್ಸ್-ರೇಗೆ ಬ್ಲೌಸ್ ಹೊಲಿಸಿದಷ್ಟು ಖರ್ಚು. ದೊಡ್ಡ ಆಪರೇಷನ್ ಆದರೆ, 2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸರಕಾರಿ ದವಾಖಾನೆಯ ಚೀಟಿ ಮೊದಲೇ ಮಾಡಿಸಿಕೊಳ್ಳಬೇಕು.

ಇಷ್ಟಿದ್ದೂ ತಡವಾಗುವುದು ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು. "ಕತ್ತಿ ಹಚ್ಚಿದ್ರ ಮುಖ ಕೆಡ್ತದ, ಯಾರು ಮಾಡ್ಕೋತಾರ?" ಸಣ್ಣ ಗಡ್ಡೆಯನ್ನು ಬಾಯೊಳಗಿನಿಂದಲೇ ತೆಗೆಯುತ್ತಾರೆ, ಹೊರಗೆ ಕಲೆಯೇ ಉಳಿಯುವುದಿಲ್ಲ. ಮುಖ ಕೆಡಿಸುವುದು ನಾವು ಕಾಯುವ ವರ್ಷಗಳು. ಗಂಡುಮಗನಿಗೆ ಇದೇ ಊತ ಬಂದರೆ ಯಾರೂ ಮದುವೆಯ ಮಾತೆತ್ತುವುದಿಲ್ಲ. ಮರುವಾರವೇ ಸೊಲ್ಲಾಪುರದ ಬಸ್ಸು ಹತ್ತಿಸುತ್ತಾರೆ.

ಮುಚ್ಚುಮರೆ ಆಪರೇಷನ್ನಿಗೇ ಮುಗಿದರೆ ಒಂದು ಮಾತು. ಅಮೆಲೊಬ್ಲಾಸ್ಟೋಮಾ ಹತ್ತು ವರ್ಷದ ಮೇಲೂ ಮರಳಿ ಬಂದೀತು. ಅದಕ್ಕೇ ವರ್ಷವರ್ಷವೂ ತೋರಿಸಿಕೊಳ್ಳಬೇಕು. ಆ ಹುಡುಗಿಗೆ ಈಗ ವರ ನೋಡುತ್ತಿದ್ದಾರೆ. "ಗಂಡಿನ ಮನಿಯವ್ರಿಗಿ ಹೇಳಬ್ಯಾಡ್ರಿ ಟೀಚರ್" ಎಂದು ಅವಳ ತಾಯಿ ಕೈ ಹಿಡಿದುಕೊಂಡಳು. ಹೇಳುವುದು ಬಿಡುವುದು ನಿನ್ನ ಮಗಳಿಗೆ ಬಿಟ್ಟದ್ದು, ಆದರೆ ಮುಚ್ಚಿಟ್ಟರೆ ವರ್ಷಕ್ಕೊಮ್ಮೆ ದವಾಖಾನೆಗೆ ಏನು ನೆಪ ಹೇಳಿ ಬರುತ್ತಾಳೆ ಎಂದೆ.

"ಪಂಚಮಿಗಿ ತವರಿಗಿ ಬಂದಾಗ ತೋರಸ್ತೀವ್ರಿ."

"ಎಷ್ಟು ಪಂಚಮಿಗೆ ಕಳಿಸ್ತಾರವ್ವ? ಮೊದಲನೇ ವರ್ಷ ಕಳಿಸ್ತಾರ. ಎರಡನೇ ವರ್ಷ ಕೂಸು. ಮೂರನೇ ವರ್ಷ ಅತ್ತಿಗೆ ಆರಾಮಿಲ್ಲ."

ಆಕೆ ಏನೂ ಹೇಳಲಿಲ್ಲ. ತಾನು ಎಷ್ಟು ಪಂಚಮಿಗೆ ತವರಿಗೆ ಹೋಗಿದ್ದೆನೆಂದು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.