ಗೃಹವಿಜ್ಞಾನ: ಎಸ್.ಪಿ.ಯೋ, ಎಲ್.ಪಿ.ಯೋ?

ಮದುವೆ, ಮುಂಜಿ, ನಾಮಕರಣಗಳ ಚಿತ್ರವನ್ನು ಮನೆಯವರೇ ತೆಗೆದಿಡಲು ಕೊಂಡುಕೊಂಡ ವಿಡಿಯೋ ಕ್ಯಾಮೆರಾಗಳಲ್ಲಿ ಎಸ್.ಪಿ., ಎಲ್.ಪಿ. ಎಂಬ ಎರಡು ಕ್ರಮಗಳಿರುವುದನ್ನು ವಾಚಕರು ನೋಡಿರಬಹುದು. ಮೊದಲನೆಯದು ಸಾಧಾರಣ ಓಟ, ಎರಡನೆಯದು ದೀರ್ಘ ಓಟ. ದೀರ್ಘ ಓಟದಲ್ಲಿ ಚಿತ್ರದ ಗುಣವು ತಗ್ಗುವುದೆಂದು ಬಹುಮಂದಿಯ ನಂಬಿಕೆ. ಇದು ಕೆಲವು ಯಂತ್ರಗಳಲ್ಲಿ ದಿಟ, ಕೆಲವುಗಳಲ್ಲಿ ದಿಟವಲ್ಲ.

1995ರಲ್ಲಿ ಬಳಕೆಗೆ ಬಂದ ಮಿನಿ ಡಿವಿ ಪದ್ಧತಿಯನ್ನು ಮೊದಲು ನೋಡೋಣ. 60 ನಿಮಿಷದ ಕ್ಯಾಸೆಟ್ಟು ಎಲ್.ಪಿ.ಯಲ್ಲಿ 90 ನಿಮಿಷ ಓಡುವುದು. ನಮ್ಮ ದೇಶದ ಪಾಲ್ ಕ್ರಮದಲ್ಲಿ ಪ್ರತಿಯೊಂದು ಚಿತ್ರಕ್ಕೂ 576 ಗೆರೆಗಳು, ಗೆರೆಯೊಂದಕ್ಕೆ 720 ಬಿಂದುಗಳು. ಚಿತ್ರಕ್ಕಾಗಿ ಸೆಕೆಂಡಿಗೆ ಸುಮಾರು 2.5 ಕೋಟಿ ಬಿಟ್‌ಗಳು. ಎರಡು ಕ್ರಮಗಳಲ್ಲಿಯೂ ಈ ಲೆಕ್ಕ ಒಂದೇ. ಆದುದರಿಂದ ಚಿತ್ರವೂ ಒಂದೇ. ಭೇದವಿರುವುದು ಟೇಪಿನ ಮೇಲೆ ಮೂಡುವ ಜಾಡಿನಲ್ಲಿ. ಎಸ್.ಪಿ.ಯಲ್ಲಿ ಅದರ ಅಗಲ 10 ಮೈಕ್ರಾನ್, ಎಲ್.ಪಿ.ಯಲ್ಲಿ 6.67 ಮಾತ್ರ. ಒಂದೇ ಒಕ್ಕಣೆಯನ್ನು ಕಾಗದ ಉಳಿಸುವುದಕ್ಕಾಗಿ ಒತ್ತೊತ್ತಾಗಿ ಬರೆದಂತೆ ಇದು. ಬರೆದವನು ಓದಿಯಾನು, ಪರರಿಗೆ ಓದುವುದು ಕಷ್ಟ.

ಈ ಮಿತವ್ಯಯದ ಫಲವನ್ನು ನಾನೂ ಉಂಡಿದ್ದೇನೆ. 2003ರಲ್ಲಿ ನಮ್ಮ ಮನೆಯ ನಾಮಕರಣವೊಂದನ್ನು, ಇನ್ನೊಂದು ಕ್ಯಾಸೆಟ್ಟಿನ ಬೆಲೆ ಉಳಿಯಲೆಂದು, ಎಲ್.ಪಿ.ಯಲ್ಲಿ ತೆಗೆದೆನು. ಅಂದು ಚಿತ್ರವು ಚೆನ್ನಾಗಿಯೇ ಕಂಡಿತು. ಆ ಕ್ಯಾಮೆರಾ ಕೆಟ್ಟ ಮೇಲೆ ಬೇರೊಂದರಲ್ಲಿ ಹಾಕಿ ನೋಡಲು, ಮಗುವಿನ ಕಿವಿಯಲ್ಲಿ ಅಜ್ಜಿಯು ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಚಿತ್ರವೆಲ್ಲ ಚೌಕಚೌಕವಾಗಿ ಒಡೆದು, ಧ್ವನಿಯೂ ನಿಂತುಹೋಯಿತು. ಅಜ್ಜಿಯು ಈಗಿಲ್ಲ. ಓದುವ ಹೆಡ್ಡು ಕೂದಲೆಳೆಗಿಂತ ಎಷ್ಟೋ ಕಡಮೆ ಅತ್ತಿತ್ತ ಸರಿದಿದ್ದರೂ ಕಿರಿದಾದ ಜಾಡು ತಪ್ಪಿಹೋಗುವುದು.

ಬಿಲ್ಲೆಯ ಮೇಲೆ ಚಿತ್ರ ತೆಗೆಯುವ ಕ್ಯಾಮೆರಾಗಳ ರೀತಿ ಬೇರೆ. 8 ಸೆಂಟಿಮೀಟರಿನ ಡಿವಿಡಿಯಲ್ಲಿ ಕ್ರಮಕ್ಕೆ ತಕ್ಕಂತೆ 20, 30 ಅಥವಾ 60 ನಿಮಿಷಗಳ ಚಿತ್ರ ಹಿಡಿಯುತ್ತಿತ್ತು. ಇಲ್ಲಿ ಕಾಲ ಹೆಚ್ಚಿದಷ್ಟೂ ಸೆಕೆಂಡಿಗೆ ದೊರೆಯುವ ಬಿಟ್‌ಗಳು ಕಡಮೆಯಾಗುವುವು. ನಿಂತ ಮುಖಗಳು ಹೇಗೋ ಸಹ್ಯವಾಗಿ ಕಂಡರೂ, ಹರಿಯುವ ನೀರು, ಅಲುಗುವ ಎಲೆ, ಎರಚಿದ ಅಕ್ಷತೆ, ಇವು ಕದಡಿಹೋಗುವುವು. 2006ರಲ್ಲಿ ಪ್ರಕಟವಾದ ಎವಿಸಿಎಚ್‌ಡಿ ಪದ್ಧತಿಯ ಕ್ಯಾಮೆರಾಗಳಿಗೂ ಇದೇ ನ್ಯಾಯ. ಇಂಥವುಗಳಲ್ಲಿ ಮೇಲಿನ ಕ್ರಮವನ್ನೇ ಆರಿಸತಕ್ಕದ್ದು. ಸೆಕೆಂಡಿಗೆ 2.4 ಕೋಟಿ ಬಿಟ್‌ಗಳಂತೆ ತೆಗೆದರೂ 64 ಗಿಗಾಬೈಟಿನ ಕಾರ್ಡಿನಲ್ಲಿ 5 ಗಂಟೆಗೂ ಮೇಲ್ಪಟ್ಟು ಹಿಡಿಯುವಾಗ ಜಿಪುಣತನವೇಕೆ?

ಮತ್ತೊಂದು ಮಾತು. ಮಂಕುಬೆಳಕಿನ ನಡುಮನೆಯಲ್ಲಿ ಯಾವ ಕ್ರಮವೂ ಚಿತ್ರವನ್ನು ತಿಳಿಯಾಗಿ ಕೊಡಲಾರದು. ಕಿಟಕಿಯನ್ನು ತೆರೆಯುವುದು, ಇನ್ನೊಂದು ದೀಪ ಹಚ್ಚುವುದು, ಇವೇ ಅಲ್ಲಿ ಉಪಾಯಗಳು.

ಬೀರುವಿನಲ್ಲಿ ಮಿನಿ ಡಿವಿ ಕ್ಯಾಸೆಟ್ಟುಗಳಿರುವ ಗೃಹಸ್ಥರು ಈಗ ತಡಮಾಡಬಾರದು. ಎಲ್.ಪಿ.ಯಲ್ಲಿ ತೆಗೆದವನ್ನು ಮೊದಲು ಆರಿಸಿ, ತೆಗೆದ ಕ್ಯಾಮೆರಾದಲ್ಲಿಯೇ ಓಡಿಸಿ, ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟಿನ ಸ್ಥಳ ಬೇಕಾಗುವುದು. ಆ ಕೆಲಸ ಮುಗಿಯುವವರೆಗೆ ಹಳೆಯ ಕ್ಯಾಮೆರಾವನ್ನು ಯಾರಿಗೂ ಕೊಡಬೇಡಿರಿ. ಬೀಗವನ್ನು ಇಟ್ಟುಕೊಂಡು ಬೀಗದ ಕೈಯನ್ನು ಮಾರಿದಂತಾದೀತು.