ಎಚ್ಚರಿಕೆಯ ಬೆಲೆ

ಎಚ್ಚರಿಕೆಯ ಮಾತಿಗೆ ಬೆಲೆ ಬರುವುದು ಅದನ್ನು ಮಿತವಾಗಿ ಆಡಿದಾಗ. ಕಂಪ್ಯೂಟರಿಗೂ ಈ ನಿಯಮ ಅನ್ವಯಿಸುತ್ತದೆಂಬುದು ನನ್ನ ಅಭಿಪ್ರಾಯ.

ಕಳೆದ ರಜೆಯಲ್ಲಿ ಬೋಳಾರದ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಹಾಕುತ್ತಿದ್ದೆ. ಹಣವಿಲ್ಲದೆ ದೊರೆಯುವ ಈ ಆಪರೇಟಿಂಗ್ ಸಿಸ್ಟಂ ನಮ್ಮಂತಹ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವೇ ಸರಿ. ನಡುವೆ, 'ಎಚ್ಚರಿಕೆ: ಫರ್ಮ್‌ವೇರ್ ಇಲ್ಲದಿರಬಹುದು' ಎಂಬರ್ಥದ ಇಂಗ್ಲಿಷ್ ವಾಕ್ಯವು ಪರದೆಯ ಮೇಲೆ ಸಾಲುಸಾಲಾಗಿ ಇಳಿಯತೊಡಗಿತು. 'ಹಾಳಾಯಿತೋ ಏನೋ, ನಿಲ್ಲಿಸು ಮಗಾ' ಎಂದರು ಅಮ್ಮ. ಯಾವುದೂ ಹಾಳಾಗಿರಲಿಲ್ಲ.

ಕಾರಣ ಸರಳವಾದುದು. ಯಂತ್ರದ ಬಿಡಿಭಾಗದೊಡನೆ ಸಿಸ್ಟಂ ವ್ಯವಹರಿಸುವುದು ಡ್ರೈವರಿನ ಮೂಲಕ. ಆ ಭಾಗದೊಳಗೇ ಓಡುವ ಚಿಕ್ಕ ಪ್ರೋಗ್ರಾಮೇ ಫರ್ಮ್‌ವೇರ್. ಒಂದೇ ಡ್ರೈವರು ಒಂದು ಜಾತಿಯ ಹಲವು ಚಿಪ್ಪುಗಳಿಗೆ ಸಲ್ಲುತ್ತದೆ. ಅವೆಲ್ಲವುಗಳ ಫರ್ಮ್‌ವೇರ್ ಕಡತಗಳ ಪಟ್ಟಿ ಅದರಲ್ಲಿರುತ್ತದೆ. ಪಟ್ಟಿಯಲ್ಲಿದ್ದು ಡಿಸ್ಕಿನಲ್ಲಿಲ್ಲದ ಪ್ರತಿಯೊಂದು ಕಡತಕ್ಕೂ ಒಂದೊಂದು ಎಚ್ಚರಿಕೆ ಬರುತ್ತದೆ. ಆ ಚಿಪ್ಪು ನಮ್ಮ ಯಂತ್ರದಲ್ಲಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ಇಲ್ಲದ ಕಡತವು ನಮ್ಮದೇ ವೈಫೈ ಚಿಪ್ಪಿನದಾದರೆ ಇಂಟರ್‌ನೆಟ್ ಬಾರದು. ಇಂಟರ್‌ನೆಟ್ ಇಲ್ಲದೆ ಆ ಕಡತವನ್ನು ತರಿಸುವುದೂ ಕಷ್ಟ. ಮೂಲ ಬರಹ ಮುಕ್ತವಲ್ಲದ ಇಂತಹ ಫರ್ಮ್‌ವೇರನ್ನು ಡೆಬಿಯನ್ ಸಂಸ್ಥೆ ಬಹುಕಾಲ ತನ್ನ ಅಧಿಕೃತ ಅನುಸ್ಥಾಪನಾ ಪ್ರತಿಯಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರ ಮತ ಪಡೆದು ನಿಲುವು ಬದಲಿಸಿತು. 2023ರ ಜೂನಿನಲ್ಲಿ ಹೊರಬಂದ 12ನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿತು. ತತ್ತ್ವವನ್ನು ಕೊಂಚ ಸಡಿಲಿಸಿದರೂ ಬಡವನ ಹಳೆಯ ಯಂತ್ರಕ್ಕೆ ಅದರಿಂದ ಒಳಿತೇ ಆಯಿತೆಂದು ನನ್ನ ಭಾವನೆ.

ಹೆಂಚಿಗೆ ಹೆಸರಾದ ನಮ್ಮ ಕಡೆ ಹೆಂಚನ್ನು ಬೆರಳಿನಿಂದ ತಟ್ಟಿ ನೋಡುವುದುಂಟು. ಗಟ್ಟಿ ಹೆಂಚು ಕಣ್ ಎನ್ನುತ್ತದೆ, ಬಿರುಕುಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಎರಡೂ ಒಂದೇ ಸದ್ದು ಕೊಟ್ಟರೆ ತಟ್ಟಿ ಫಲವೇನು? ನಿಜವಾದ ಅಪಾಯಕ್ಕೂ ಬರಿಯ ಸಂಶಯಕ್ಕೂ ಒಂದೇ ಧ್ವನಿಯಲ್ಲಿ ಕೂಗುವ ಎಚ್ಚರಿಕೆಯೂ ಅಂತಹುದೇ. ಅಂಜುವವನು ಕೆಲಸ ನಿಲ್ಲಿಸುತ್ತಾನೆ; ರೂಢಿಯಾದವನು ಓದುವುದನ್ನೇ ಬಿಡುತ್ತಾನೆ.

ಎಚ್ಚರಿಕೆಯು ಮೂರು ಮಾತುಗಳನ್ನು ಹೇಳಬೇಕು: ಈ ಭಾಗ ನಿಮ್ಮಲ್ಲಿದೆಯೇ, ಇದರಿಂದ ಏನು ನಿಲ್ಲುತ್ತದೆ, ಮುಂದೇನು ಮಾಡಬೇಕು. ಇದನ್ನು ಸಾಧಿಸಲು ತಂತ್ರಜ್ಞಾನದಷ್ಟೇ ಭಾಷೆಯ ವಿವೇಕವೂ ಬೇಕು. ಲಿನಕ್ಸಿನ ಬರಹವನ್ನು ತಿದ್ದಿ ಕಳುಹಿಸಲು ಯಾರಿಗೂ ತಡೆಯಿಲ್ಲ. ಕಲಾ ವಿಭಾಗದವರಾದ ನಮಗೆ ಇಲ್ಲೇನು ಕೆಲಸವೆಂದು ಕೇಳುವ ಮಿತ್ರರೇ, ತಿಳಿಯುವಂತಹ ಒಂದು ವಾಕ್ಯ ಬರೆಯುವುದು ನಮ್ಮ ಕೆಲಸವಲ್ಲದೆ ಮತ್ತಾರದು?